ಫೈನಲ್ ದಿನ ಬೆಳಗ್ಗೆ ಸಿಮೋನ್ ಬೈಲ್ಸ್ ಥೆರಪಿಸ್ಟ್ ಜೊತೆ ಮಾತಾಡಿದ್ದು ಯಾಕೆ?

2024ರ ಜುಲೈ 30, ಪ್ಯಾರಿಸ್ ಒಲಿಂಪಿಕ್ಸ್. ಮಹಿಳಾ ಜಿಮ್ನಾಸ್ಟಿಕ್ಸ್ ಟೀಮ್ ಫೈನಲ್‌ನಲ್ಲಿ ಅಮೆರಿಕ ಚಿನ್ನ ಗೆಲ್ತು. ಆಮೇಲೆ ಸಿಮೋನ್ ಬೈಲ್ಸ್ ಪತ್ರಕರ್ತರಿಗೆ ಒಂದು ವಿಷಯ ಹೇಳಿದ್ರು: ಅವತ್ತು ಅವರ ದಿನ ಶುರುವಾಗಿದ್ದೇ ಥೆರಪಿಯಿಂದ.

ಥೆರಪಿ ಅಂದ್ರೆ ಎಲ್ಲ ಕೈಮೀರಿದ ಮೇಲೆ ಹೋಗೋ ಜಾಗ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಿದ್ರೆ ಫೈನಲ್ ದಿನ ಬೆಳಗ್ಗೆ ಅದ್ಯಾಕೆ? ಅರ್ಥ ಆಗಬೇಕು ಅಂದ್ರೆ ಮೂರು ವರ್ಷ ಹಿಂದೆ, ಟೋಕಿಯೊಗೆ ಹೋಗ್ಬೇಕು.

2021ರ ಜುಲೈ 27. ಅದೂ ಟೀಮ್ ಫೈನಲ್ಲೇ. ವಾಲ್ಟ್ ಮೇಲಿಂದ ಹಾರಿದ ಬೈಲ್ಸ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು. ಒಂದೂವರೆ ಸುತ್ತಿಗೇ ನಿಂತುಹೋದ್ರು. ತಾನು ಗಾಳಿಯಲ್ಲಿ ಎಲ್ಲಿದ್ದೀನಿ ಅನ್ನೋದೇ ಅವರಿಗೆ ಗೊತ್ತಾಗಲಿಲ್ಲ. ಜಿಮ್ನಾಸ್ಟ್‌ಗಳು ಇದನ್ನ 'ಟ್ವಿಸ್ಟೀಸ್' ಅಂತಾರೆ. ನೀವು ದಿನಾ ಇಳಿಯೋ ಮೆಟ್ಟಿಲನ್ನೇ ನೆನಪಿಸಿಕೊಳ್ಳಿ. ಪ್ರತಿ ಹೆಜ್ಜೆಗೂ 'ಈಗ ಯಾವ ಕಾಲು?' ಅಂತ ಯೋಚಿಸೋಕೆ ಶುರು ಮಾಡಿದ್ರೆ ಎಡವೋದು ಗ್ಯಾರಂಟಿ. ಅಭ್ಯಾಸದಿಂದ ತಾನಾಗೇ ಆಗ್ತಿದ್ದ ಕೆಲಸ ತಪ್ಪಿಹೋಗುತ್ತೆ. ಮೆಟ್ಟಿಲಲ್ಲಾದ್ರೆ ಮೊಣಕಾಲು ತರಚುತ್ತೆ. ಇಲ್ಲಿ ಕುತ್ತಿಗೆ ಮೇಲೆ ಬಿದ್ರೆ ಜೀವನಪೂರ್ತಿ ವ್ಹೀಲ್‌ಚೇರ್ ಆಗಬಹುದು. ಅದಕ್ಕೇ ಅವರು ಹೊರಗೆ ಬಂದ್ರು. ಸೋಶಿಯಲ್ ಮೀಡಿಯಾದಲ್ಲಿ ಆಗ 'ಕ್ವಿಟರ್' ಅಂದವರು ಎಷ್ಟು ಜನ! ಅದರಲ್ಲಿ ಎಷ್ಟು ಜನ ಒಂದು ಪಲ್ಟಿ ಹೊಡೆದಿದ್ರೋ ಗೊತ್ತಿಲ್ಲ.

ಒಂದು ವಾರದ ನಂತರ ಬೈಲ್ಸ್ ಬ್ಯಾಲೆನ್ಸ್ ಬೀಮ್‌ನಲ್ಲಿ ಕಂಚು ಗೆದ್ರು. ಆದ್ರೆ ಕೊನೆಯ ಜಿಗಿತದಿಂದ ಟ್ವಿಸ್ಟ್ ತೆಗೆದುಹಾಕಿದ್ರು. ಅಂದ್ರೆ ಸಮಸ್ಯೆ ವಾಸಿ ಆಗಿರಲಿಲ್ಲ, ಅದನ್ನ ಸುತ್ತಿಬಳಸಿ ಹೋದ್ರು ಅಷ್ಟೇ. ಮತ್ತೆ ಸ್ಪರ್ಧೆಗೆ ಬಂದಿದ್ದು 2023ರ ಆಗಸ್ಟ್‌ನಲ್ಲಿ. ಎರಡು ವರ್ಷ! ಥೆರಪಿ ಪೇನ್‌ಕಿಲ್ಲರ್ ಅಲ್ಲ, ಫಿಸಿಯೋ ಥರ. ತಪ್ಪದೆ ಹೋಗ್ತಾನೇ ಇರಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಟೀಮ್‌ಗಳ ಜೊತೆ 'ಮೆಂಟಲ್ ಕಂಡಿಷನಿಂಗ್ ಕೋಚ್' ಇರ್ತಾರಲ್ಲ, ಅವರು ಥೆರಪಿಸ್ಟ್ ಅಲ್ಲ. 2011ರ ವಿಶ್ವಕಪ್‌ನಲ್ಲಿ ಭಾರತ ತಂಡದ ಜೊತೆ ಪ್ಯಾಡಿ ಅಪ್ಟನ್ ಇದ್ರು. 2024ರಲ್ಲಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದಾಗಲೂ ಅವರೇ ಜೊತೆಗಿದ್ರು. ಒತ್ತಡದಲ್ಲಿ ಚೆನ್ನಾಗಿ ಆಡೋದು ಹೇಗೆ ಅನ್ನೋದು ಅಂಥ ಕೋಚ್‌ಗಳ ಪ್ರಶ್ನೆ. ಥೆರಪಿಸ್ಟ್ ಪ್ರಶ್ನೆ ಬೇರೆ: ಆಡದೇ ಇದ್ದಾಗ ನೀನು ಹೇಗಿದ್ದೀಯ?

ಈ ಎರಡನೇ ಪ್ರಶ್ನೆ ಎಷ್ಟು ದೊಡ್ಡದು ಅಂತ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2020ರಲ್ಲಿ ಬಾಯಿಬಿಟ್ಟು ಹೇಳಿದ್ರು. 2009ರಿಂದ 2011ರವರೆಗೆ ಬದುಕೇ ಬೇಡ ಅನ್ನೋ ಯೋಚನೆ ಅವರನ್ನ ದಿನಾ ಕಾಡ್ತಿತ್ತಂತೆ. ಮ್ಯಾಚ್ ಇದ್ದಾಗ ಹೇಗೋ ಮನಸ್ಸು ಬೇರೆ ಕಡೆ ಹೋಗ್ತಿತ್ತು. ಕಷ್ಟ ಇದ್ದಿದ್ದು ಮ್ಯಾಚ್ ಇಲ್ಲದ ದಿನ, ಸೀಸನ್ ಮುಗಿದ ಮೇಲೆ. ತಮ್ಮ ಬಗ್ಗೆ ಡೈರಿ ಬರೆಯೋಕೆ ಶುರು ಮಾಡಿದ್ರು, ಹೊರಗಿನವರ ಸಹಾಯ ತಗೊಂಡ್ರು. ಆ ದಿನಗಳಲ್ಲಿ ಸ್ಟೇಡಿಯಂನಲ್ಲಿ ಕೂತು ಅವರ ಬ್ಯಾಟಿಂಗ್‌ಗೆ ಶಿಳ್ಳೆ ಹೊಡೆದ ನಮ್ಮಲ್ಲಿ ಒಬ್ಬರಿಗಾದ್ರೂ ಇದು ಕಂಡಿತ್ತಾ? ಇನ್ನು ಸೋತವರಿಗೆ ಮಾತ್ರ ಹೀಗಾಗುತ್ತೆ ಅಂತಲೂ ಇಲ್ಲ. 2008ರ ಬೀಜಿಂಗ್ ಚಿನ್ನದ ನಂತರ ಆವರಿಸಿದ ಖಾಲಿತನದ ಬಗ್ಗೆ ಅಭಿನವ್ ಬಿಂದ್ರಾ ಹಲವು ಸಲ ಮಾತಾಡಿದ್ದಾರೆ.

ಹಾಗಾದ್ರೆ ಆ ರೂಮಲ್ಲಿ ನಡೆಯೋದೇನು? ಬರೀ ಸಮಾಧಾನದ ಮಾತಲ್ಲ. 'ನಾನು ಫೇಲ್ ಆದ್ರೆ ನಾನೇ ವೇಸ್ಟ್' ಅನ್ನೋ ಯೋಚನೆ ಇದೆ ಅಂದ್ಕೊಳ್ಳಿ. ಅದು ಎಲ್ಲಿಂದ ಬಂತು, ಅದಕ್ಕೆ ಸಾಕ್ಷಿ ಏನು, ಅದು ಬಂದಾಗ ಮೈಯಲ್ಲಿ ಏನಾಗುತ್ತೆ ಅಂತ ಇಬ್ಬರೂ ಸೇರಿ ಬಿಡಿಸ್ತಾ ಹೋಗ್ತಾರೆ. ಬೈಲ್ಸ್ ಆರನೇ ವಯಸ್ಸಿನಲ್ಲೇ ಜಿಮ್ನಾಸ್ಟಿಕ್ಸ್‌ಗೆ ಬಂದವರು. ಅಂಥವರಿಗೆ ಆಟ ಬೇರೆ, ತಾನು ಬೇರೆ ಅಂತ ನೋಡೋದೇ ದೊಡ್ಡ ಕೆಲಸ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಗುಟ್ಟು ಉಳಿಯೋದು. ಕೋಚ್ ಹತ್ರ 'ಭಯ ಆಗ್ತಿದೆ' ಅಂದ್ರೆ ಟೀಮಿಂದ ಹೆಸರು ಹೋಗಬಹುದು. ಥೆರಪಿಸ್ಟ್ ಹತ್ರ ಆ ಲೆಕ್ಕಾಚಾರ ಇರಬಾರದು. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ರೆ, ಈ ಗೌಪ್ಯತೆ ನಿಮ್ಮ ಹಕ್ಕು ಅಂತ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ.

'ಬೈಲ್ಸ್ ಹತ್ರ ದುಡ್ಡಿದೆ, ನಮಗೆಲ್ಲಿ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಖಾಸಗಿ ಥೆರಪಿ ಅಗ್ಗ ಅಲ್ಲ. ಆದ್ರೆ 2022ರಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಇದೆ. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಒಂದೇ ಕರೆಯಲ್ಲಿ ಬೈಲ್ಸ್‌ಗೆ ಸಿಕ್ಕಂಥ ವರ್ಷಗಟ್ಟಲೆ ಥೆರಪಿ ಸಿಗಲ್ಲ ನಿಜ, ಆದ್ರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನೋ ದಾರಿ ಸಿಗುತ್ತೆ. ನಂಬರ್ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.