ವಿಡಿಯೋ ಗೇಮ್‌ಗಾಗಿ ದೊಡ್ಡ ಪರದೆಯ ಟಿ.ವಿ.: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ದೊಡ್ಡ ಪರದೆಯ ಟಿ.ವಿ. ಇಂದು ಚಲನಚಿತ್ರ, ಧಾರಾವಾಹಿ ಹಾಗೂ ಕ್ರಿಕೆಟ್ ಪಂದ್ಯಗಳ ವೀಕ್ಷಣೆಗಷ್ಟೇ ಸೀಮಿತವಾಗಿ ಉಳಿದಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರ ನವೆಂಬರ್‌ನಲ್ಲಿಯೂ, ಪ್ಲೇಸ್ಟೇಷನ್ 5 ಭಾರತದಲ್ಲಿ 2021ರ ಫೆಬ್ರವರಿಯಲ್ಲಿಯೂ ಮಾರುಕಟ್ಟೆಗೆ ಬಂದ ನಂತರ, ಮಳಿಗೆಗೆ ಬರುವ ಗ್ರಾಹಕರು "ಗೇಮ್ ಆಡಲು ಯಾವ ಟಿ.ವಿ. ಉತ್ತಮ?" ಎಂದು ಕೇಳುವುದು ಸಾಮಾನ್ಯವಾಗಿದೆ. ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ಗೇಮಿಂಗ್ ಪಾರ್ಲರ್‌ಗಳ ಮಾಲೀಕರು ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಅವರು ಒಂದೇ ಬಾರಿಗೆ ಹಲವು ಟಿ.ವಿ.ಗಳನ್ನು ಖರೀದಿಸುವುದರಿಂದ, ಆಯ್ಕೆ ತಪ್ಪಿದರೆ ಆಗುವ ನಷ್ಟವೂ ಅಷ್ಟೇ ದೊಡ್ಡದು.

ಇದರೊಂದಿಗೆ ತೆರಿಗೆಯ ಬದಲಾವಣೆಯೂ ಸೇರಿದೆ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲೆ ಶೇ. 28ರಷ್ಟಿದ್ದ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ 50,000 ರೂ. ಇರುವ ಟಿ.ವಿ.ಗೆ ಹಿಂದೆ 64,000 ರೂ. ತೆರಬೇಕಾಗಿದ್ದರೆ, ಹೊಸ ದರದಲ್ಲಿ 59,000 ರೂ. ಸಾಕು. ಹೀಗಾಗಿ 43 ಇಂಚಿನ ಟಿ.ವಿ. ಕೊಳ್ಳಬೇಕೆಂದಿದ್ದವರು 55 ಅಥವಾ 65 ಇಂಚಿನತ್ತ ದೃಷ್ಟಿ ಹಾಯಿಸುವುದು ಸಹಜ. ಈ ಹಿನ್ನೆಲೆಯಲ್ಲಿ, ವಿವಿಧ ಬಗೆಯ ಪರದೆಗಳು ಹೇಗೆ ಕೆಲಸ ಮಾಡುತ್ತವೆ, ಯಾವುದು ಯಾರಿಗೆ ಸೂಕ್ತ ಎಂಬುದನ್ನು ವರ್ತಕರು ಅರಿತಿರುವುದು ಅವಶ್ಯಕ.

ನಡೆದು ಬಂದ ದಾರಿ

ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳು ತೂಕದಲ್ಲಿ ಭಾರವಾಗಿದ್ದರೂ ಗುಂಡಿ ಒತ್ತಿದ ಕ್ಷಣವೇ ಪರದೆಯ ಮೇಲೆ ಫಲ ಕಾಣಿಸುತ್ತಿತ್ತು. ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣವು ಪರದೆಯನ್ನು ಗೆರೆಗೆರೆಯಾಗಿ ಬೆಳಗಿಸುವ ಕ್ರಮವನ್ನೇ ಆಧರಿಸಿ ಅಂದಿನ ಆಟದ ಬಂದೂಕುಗಳು ಗುರಿಯನ್ನು ಗುರುತಿಸುತ್ತಿದ್ದವು. ಆ ಬಂದೂಕುಗಳು ಇಂದಿನ ಚಪ್ಪಟೆ ಪರದೆಗಳಲ್ಲಿ ಕೆಲಸ ಮಾಡದಿರಲು ಇದೇ ಕಾರಣ.

ಅನಂತರ ಬಂದ ಪ್ಲಾಸ್ಮಾ ಪರದೆಗಳಲ್ಲಿ ಕಪ್ಪು ಬಣ್ಣ ದಟ್ಟವಾಗಿ, ವೇಗದ ಚಲನೆ ಸ್ಪಷ್ಟವಾಗಿ ಮೂಡುತ್ತಿತ್ತು. ಆದರೆ ವಿದ್ಯುತ್ ಬಳಕೆ ಹೆಚ್ಚಾಗಿದ್ದು, ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿಯುವ ದೋಷವೂ ಇತ್ತು. ಪ್ಯಾನಾಸೋನಿಕ್ 2013ರ ಕೊನೆಯಲ್ಲಿಯೂ, ಸ್ಯಾಮ್‌ಸಂಗ್ ಮತ್ತು ಎಲ್.ಜಿ. 2014ರಲ್ಲಿಯೂ ಪ್ಲಾಸ್ಮಾ ಉತ್ಪಾದನೆಯನ್ನು ನಿಲ್ಲಿಸಿದವು. ಇಂದು ಮಾರುಕಟ್ಟೆಯಲ್ಲಿ ಉಳಿದಿರುವುದು ಮುಖ್ಯವಾಗಿ ಎರಡು ವರ್ಗಗಳು: ಎಲ್.ಸಿ.ಡಿ. ಮತ್ತು ಓ.ಎಲ್.ಇ.ಡಿ.

ಹೆಸರು ಹಲವು, ಎಲ್.ಸಿ.ಡಿ. ಒಂದೇ

ಗ್ರಾಹಕರಲ್ಲಿ ಅತಿ ಹೆಚ್ಚಿನ ಗೊಂದಲ ಇರುವುದು ಹೆಸರುಗಳ ವಿಷಯದಲ್ಲಿ. "ಎಲ್.ಇ.ಡಿ. ಟಿ.ವಿ." ಎಂದು ಮಾರಾಟವಾಗುವುದು ವಾಸ್ತವವಾಗಿ ಎಲ್.ಸಿ.ಡಿ. ಪರದೆಯೇ. ದ್ರವ ಸ್ಫಟಿಕದ ಪದರವು ತಾನಾಗಿ ಬೆಳಕನ್ನು ಸೂಸುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬೇಕಾದಷ್ಟು ಬಿಡುವ ಅಥವಾ ತಡೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಹಿಂಬೆಳಕಿಗೆ ಮೊದಲು ತೆಳುವಾದ ಟ್ಯೂಬ್‌ಲೈಟುಗಳಿದ್ದವು. ಅವುಗಳ ಜಾಗಕ್ಕೆ ಎಲ್.ಇ.ಡಿ. ದೀಪಗಳು ಬಂದವು. ಕ್ಯೂ.ಎಲ್.ಇ.ಡಿ. ಎಂಬುದು ಬಣ್ಣಗಳನ್ನು ಶುದ್ಧಗೊಳಿಸುವ ಕ್ವಾಂಟಮ್ ಡಾಟ್ ಪದರವುಳ್ಳ ಎಲ್.ಸಿ.ಡಿ. ಮಿನಿ ಎಲ್.ಇ.ಡಿ. ಎಂದರೆ ಹಿಂಬೆಳಕಿನ ದೀಪಗಳನ್ನು ಬಹಳ ಚಿಕ್ಕದಾಗಿಸಿ, ನೂರಾರು ವಲಯಗಳಾಗಿ ವಿಂಗಡಿಸಿ, ಚಿತ್ರದ ಕತ್ತಲೆಯ ಭಾಗದಲ್ಲಿ ದೀಪವನ್ನು ತಗ್ಗಿಸುವ ಎಲ್.ಸಿ.ಡಿ. ಈ ಎಲ್ಲ ಹೆಸರುಗಳ ಹಿಂದೆ ಇರುವ ಮೂಲ ತತ್ತ್ವ ಒಂದೇ.

ಎಲ್.ಸಿ.ಡಿ.ಯಲ್ಲಿ ಪ್ಯಾನೆಲ್‌ನ ಬಗೆಯನ್ನೂ ನೋಡಬೇಕು. ಐ.ಪಿ.ಎಸ್. ಪ್ಯಾನೆಲ್ ಪಕ್ಕದಿಂದ ನೋಡಿದಾಗಲೂ ಬಣ್ಣ ಕಳೆದುಕೊಳ್ಳುವುದಿಲ್ಲ, ಒಂದೇ ಟಿ.ವಿ.ಯ ಮುಂದೆ ನಾಲ್ವರು ಕುಳಿತು ಆಡುವ ಕಡೆ ಇದು ಅನುಕೂಲ. ಆದರೆ ಅದರ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ. ಬಿಳಿ ಮತ್ತು ಕಪ್ಪಿನ ನಡುವಿನ ಅನುಪಾತ ಸಾಮಾನ್ಯವಾಗಿ 1000ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ವಿ.ಎ. ಪ್ಯಾನೆಲ್‌ನಲ್ಲಿ ಈ ಅನುಪಾತ 3000ಕ್ಕೆ 1 ಅಥವಾ ಅದಕ್ಕೂ ಹೆಚ್ಚು. ಎದುರಿನಿಂದ ನೋಡುವವರಿಗೆ ಕತ್ತಲೆಯ ದೃಶ್ಯಗಳು ಚೆನ್ನಾಗಿ ಕಾಣುತ್ತವೆ; ಆದರೆ ಪಕ್ಕದಿಂದ ಬಣ್ಣ ಮಾಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ವೇಗವಾಗಿ ಚಲಿಸುವ ವಸ್ತುವಿನ ಹಿಂದೆ ಮಸುಕಾದ ಬಾಲ ಕಾಣಿಸುವುದೂ ಉಂಟು. ಒಂದೇ ಮಾದರಿಯ ಹೆಸರಿನಲ್ಲಿ ಒಂದು ಗಾತ್ರಕ್ಕೆ ಐ.ಪಿ.ಎಸ್., ಇನ್ನೊಂದು ಗಾತ್ರಕ್ಕೆ ವಿ.ಎ. ಪ್ಯಾನೆಲ್ ಬಳಸುವ ವಾಡಿಕೆ ಇದೆ. ಆದ್ದರಿಂದ 43 ಇಂಚಿನ ಟಿ.ವಿ.ಯನ್ನು ನೋಡಿ 55 ಇಂಚಿನದಕ್ಕೆ ಬೇಡಿಕೆ ಸಲ್ಲಿಸುವುದು ಸೂಕ್ತವಲ್ಲ.

ಓ.ಎಲ್.ಇ.ಡಿ.: ಗುಣ ಮತ್ತು ಮಿತಿ

4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಓ.ಎಲ್.ಇ.ಡಿ.ಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಕನ್ನು ಸೂಸುತ್ತದೆ. ಕಪ್ಪು ಬೇಕಾದಾಗ ಬಿಂದು ಸಂಪೂರ್ಣವಾಗಿ ಆರುತ್ತದೆ. ಬಿಂದುವಿನ ಬಣ್ಣ ಬದಲಾಗಲು ಎಲ್.ಸಿ.ಡಿ.ಗೆ ಹಲವು ಮಿಲಿಸೆಕೆಂಡು ಬೇಕಾದರೆ, ಓ.ಎಲ್.ಇ.ಡಿ.ಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಸಾಕು. ಚಿತ್ರದ ಗುಣಮಟ್ಟವೊಂದನ್ನೇ ಪರಿಗಣಿಸಿದರೆ ಮೊದಲ ಸ್ಥಾನ ಇದಕ್ಕೇ ಸಲ್ಲುತ್ತದೆ.

ಆದರೆ ಬೆಳಕು ಸೂಸುವ ಸಾವಯವ ಪದಾರ್ಥವು ಬಳಸಿದಷ್ಟೂ ಸವೆಯುತ್ತದೆ. ಹೆಚ್ಚು ಹೊತ್ತು, ಹೆಚ್ಚು ಪ್ರಖರವಾಗಿ ಉರಿದ ಬಿಂದು ಬೇಗ ಮಂಕಾಗುತ್ತದೆ. ಫುಟ್‌ಬಾಲ್ ಆಟದ ಅಂಕಫಲಕ, ಕಾರ್ ಪಂದ್ಯದ ವೇಗಸೂಚಿ, ಯುದ್ಧದ ಆಟದ ನಕ್ಷೆ ಮುಂತಾದವು ಪರದೆಯ ಒಂದೇ ಮೂಲೆಯಲ್ಲಿ ಅಲುಗದೆ ನಿಲ್ಲುವುದರಿಂದ, ಕಾಲಕ್ರಮದಲ್ಲಿ ಅವುಗಳ ನೆರಳು ಪರದೆಯಲ್ಲಿ ಶಾಶ್ವತವಾಗಿ ಉಳಿಯಬಹುದು. ಇದನ್ನೇ ವ್ಯಾಪಾರದಲ್ಲಿ "ಬರ್ನ್-ಇನ್" ಎನ್ನುವರು.

ಮನೆಯ ಲೆಕ್ಕ, ಪಾರ್ಲರ್‌ನ ಲೆಕ್ಕ

ಮನೆಯಲ್ಲಿ ದಿನಕ್ಕೆ 2 ಗಂಟೆ ಆಡಿದರೆ ವರ್ಷಕ್ಕೆ 730 ಗಂಟೆಗಳಾಗುತ್ತವೆ. ಪಾರ್ಲರ್‌ನಲ್ಲಿ ದಿನಕ್ಕೆ 10 ಗಂಟೆ ಟಿ.ವಿ. ಉರಿದರೆ ವರ್ಷಕ್ಕೆ 3,650 ಗಂಟೆಗಳು. ಮನೆಯ ಐದು ವರ್ಷಗಳ ಬಳಕೆ ಪಾರ್ಲರ್‌ನಲ್ಲಿ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಅಷ್ಟೇ ಅಲ್ಲದೆ, ಮನೆಯಲ್ಲಿ ಆಟದ ನಡುವೆ ಚಲನಚಿತ್ರ, ವಾರ್ತೆ, ಹಾಡು ಎಂದು ಪರದೆಯ ಚಿತ್ರ ಬದಲಾಗುತ್ತಿರುತ್ತದೆ. ಪಾರ್ಲರ್‌ನಲ್ಲಿ ಬೇಡಿಕೆಯಿರುವ ಒಂದೆರಡು ಆಟಗಳೇ ದಿನವಿಡೀ ನಡೆಯುತ್ತವೆ. ಒಂದೇ ಅಂಕಫಲಕ ಒಂದೇ ಮೂಲೆಯಲ್ಲಿ ನಿಂತಿರುತ್ತದೆ. ಮನೆಗೆ ಅತ್ಯುತ್ತಮವಾದ ಪರದೆಯೇ ಪಾರ್ಲರ್‌ಗೆ ಅತಿ ದುಬಾರಿಯಾಗಿ ಪರಿಣಮಿಸಬಹುದೆಂಬುದು ಈ ಲೆಕ್ಕದಿಂದ ಸ್ಪಷ್ಟ.

ಇನ್ನೊಂದು ಅಂಶವನ್ನು ನಮ್ಮಲ್ಲಿ ವಿಶೇಷವಾಗಿ ಗಮನಿಸಬೇಕು. ಓ.ಎಲ್.ಇ.ಡಿ. ಟಿ.ವಿ.ಗಳು ಕೆಲವು ಗಂಟೆಗಳ ಬಳಕೆಯ ನಂತರ, ರಿಮೋಟ್‌ನಿಂದ ಆರಿಸಿದಾಗ, ಬಿಂದುಗಳ ಸವೆತವನ್ನು ತಾವೇ ಅಳೆದು ಸರಿದೂಗಿಸಿಕೊಳ್ಳುತ್ತವೆ. ಇದಕ್ಕೆ ಟಿ.ವಿ. ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿದ್ದು ವಿದ್ಯುತ್ ಹರಿಯುತ್ತಿರಬೇಕು. ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸುವ ಅಂಗಡಿಗಳಲ್ಲಿ, ಮಲಗುವ ಮುನ್ನ ಗೋಡೆಯ ಸ್ವಿಚ್ ತೆಗೆಯುವ ಮನೆಗಳಲ್ಲಿ ಈ ಕ್ರಿಯೆ ನಡೆಯುವುದೇ ಇಲ್ಲ. ಓ.ಎಲ್.ಇ.ಡಿ. ಮಾರುವ ವರ್ತಕರು ಈ ಒಂದು ಮಾತನ್ನು ಗ್ರಾಹಕರಿಗೆ ತಿಳಿಸಿದರೆ ಮುಂದಿನ ಎಷ್ಟೋ ದೂರುಗಳನ್ನು ತಪ್ಪಿಸಬಹುದು.

ವಾರಂಟಿಯ ವಿಷಯವೂ ಇಲ್ಲಿಗೆ ಸಂಬಂಧಿಸಿದೆ. ಮನೆಬಳಕೆಯ ಟಿ.ವಿ.ಗಳ ವಾರಂಟಿಯಿಂದ ವಾಣಿಜ್ಯ ಬಳಕೆಯನ್ನು ಹೊರಗಿಡುವ ಷರತ್ತು ಸಾಮಾನ್ಯ. ಬರ್ನ್-ಇನ್ ದೋಷವನ್ನು ಪ್ರತ್ಯೇಕವಾಗಿ ಹೊರಗಿಡುವುದೂ ಉಂಟು. ಖರೀದಿಗೆ ಮುನ್ನವೇ ಷರತ್ತುಗಳನ್ನು ಓದಿ, ಪಾರ್ಲರ್ ಬಳಕೆಗೆ ವಾರಂಟಿ ಅನ್ವಯಿಸುವುದೇ ಎಂಬುದನ್ನು ತಯಾರಕರಿಂದ ಲಿಖಿತವಾಗಿ ಪಡೆಯುವುದು ಒಳ್ಳೆಯದು.

ವೇಗದ ಮೂರು ಅಳತೆಗಳು

ಆಟಗಾರರು "ವೇಗ" ಎನ್ನುವಾಗ ಮೂರು ಬೇರೆ ಬೇರೆ ಸಂಗತಿಗಳು ಅದರಲ್ಲಿ ಬೆರೆತಿರುತ್ತವೆ.

ಮೊದಲನೆಯದು ರಿಫ್ರೆಶ್ ದರ. 60 ಹರ್ಟ್ಸ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ, 120 ಹರ್ಟ್ಸ್ ಪರದೆ ಪ್ರತಿ 8.3 ಮಿಲಿಸೆಕೆಂಡಿಗೊಮ್ಮೆ ಚಿತ್ರವನ್ನು ಬದಲಿಸುತ್ತದೆ. ಪೆಟ್ಟಿಗೆಯ ಮೇಲೆ "ಮೋಷನ್ ರೇಟ್" ಮುಂತಾದ ಹೆಸರಿನಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಇದಲ್ಲ. ಪ್ಯಾನೆಲ್‌ನ ಮೂಲ ದರ ಎಷ್ಟು ಎಂದೇ ಕೇಳಬೇಕು.

ಎರಡನೆಯದು ಪ್ರತಿಕ್ರಿಯಾ ಕಾಲ, ಅಂದರೆ ಒಂದು ಬಿಂದು ತನ್ನ ಬಣ್ಣವನ್ನು ಬದಲಿಸಲು ತೆಗೆದುಕೊಳ್ಳುವ ಸಮಯ. ಇದು ಹೆಚ್ಚಾದರೆ ಚಲಿಸುವ ಚಿತ್ರ ಕಲಸಿದಂತೆ ಕಾಣುತ್ತದೆ.

ಮೂರನೆಯದು, ಆಟಕ್ಕೆ ಬಹು ಮುಖ್ಯವಾದದ್ದು, ಇನ್‌ಪುಟ್ ಲ್ಯಾಗ್. ಆಟದ ಯಂತ್ರದಿಂದ ಹೊರಟ ಚಿತ್ರ ಪರದೆಯ ಮೇಲೆ ಮೂಡುವವರೆಗಿನ ವಿಳಂಬವೇ ಇದು. ಬಣ್ಣ ತಿದ್ದುವ, ಚಲನೆಯನ್ನು ನಯಗೊಳಿಸುವ ಸಂಸ್ಕರಣೆಗಳಿಂದಾಗಿ ಸಾಮಾನ್ಯ ವೀಕ್ಷಣಾ ಸ್ಥಿತಿಯಲ್ಲಿ ವಿಳಂಬವು 50ರಿಂದ 100 ಮಿಲಿಸೆಕೆಂಡುಗಳವರೆಗೂ ಹೋಗಬಹುದು. "ಗೇಮ್ ಮೋಡ್" ಆರಿಸಿದಾಗ ಟಿ.ವಿ. ಈ ಸಂಸ್ಕರಣೆಗಳನ್ನು ಬಿಟ್ಟುಬಿಡುತ್ತದೆ, ಉತ್ತಮ ಟಿ.ವಿ.ಗಳಲ್ಲಿ ವಿಳಂಬ 20 ಮಿಲಿಸೆಕೆಂಡಿಗಿಂತ ಕೆಳಗಿಳಿಯುತ್ತದೆ. "ಟಿ.ವಿ. ನಿಧಾನವಾಗಿದೆ" ಎಂದು ಹಿಂದಿರುಗಿ ಬರುವ ಗ್ರಾಹಕರಿಗೆ ಮೊದಲು ಗೇಮ್ ಮೋಡ್ ಹಾಕಿ ತೋರಿಸುವುದು ಯೋಗ್ಯ.

ಜೋಡಣೆಯ ದ್ವಾರಗಳು

4ಕೆ ಚಿತ್ರವನ್ನು 120 ಹರ್ಟ್ಸ್‌ನಲ್ಲಿ ಪೂರ್ಣ ಗುಣಮಟ್ಟದೊಂದಿಗೆ ಸಾಗಿಸಲು, 2017ರಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. 2.1 ಮಾನದಂಡದ ಸಾಮರ್ಥ್ಯ ಬೇಕು. ಹಿಂದಿನ 2.0 ಮಾನದಂಡದ ಮಿತಿ ಸೆಕೆಂಡಿಗೆ 18 ಗಿಗಾಬಿಟ್, 2.1ರಲ್ಲಿ ಅದು 48 ಗಿಗಾಬಿಟ್. ಆದರೆ 2.1ರ ಹಲವು ಸೌಲಭ್ಯಗಳು ಐಚ್ಛಿಕವಾಗಿರುವುದರಿಂದ, ಟಿ.ವಿ.ಯ ಮೇಲೆ "2.1" ಎಂದು ಬರೆದಿದ್ದ ಮಾತ್ರಕ್ಕೆ ಎಲ್ಲವೂ ಇದೆಯೆಂದು ಭಾವಿಸುವಂತಿಲ್ಲ. 4ಕೆ 120 ಹರ್ಟ್ಸ್ ಇದೆಯೇ, ಆಟದ ಗತಿಗೆ ತಕ್ಕಂತೆ ರಿಫ್ರೆಶ್ ದರವನ್ನು ಹೊಂದಿಸುವ ವಿ.ಆರ್.ಆರ್. ಇದೆಯೇ, ಆಟ ಆರಂಭವಾದೊಡನೆ ತಾನಾಗಿ ಗೇಮ್ ಮೋಡ್‌ಗೆ ಹೋಗುವ ಎ.ಎಲ್.ಎಲ್.ಎಂ. ಇದೆಯೇ ಎಂದು ಒಂದೊಂದಾಗಿ ವಿಚಾರಿಸಬೇಕು. ನಾಲ್ಕು ದ್ವಾರಗಳಲ್ಲಿ ಎರಡಕ್ಕೆ ಮಾತ್ರ ಪೂರ್ಣ ಸಾಮರ್ಥ್ಯವಿರುವ ಟಿ.ವಿ.ಗಳು ಅನೇಕ, ಅವುಗಳಲ್ಲಿ ಒಂದನ್ನು ಸೌಂಡ್‌ಬಾರ್ ಆಕ್ರಮಿಸಿದರೆ ಆಟದ ಯಂತ್ರಕ್ಕೆ ಉಳಿಯುವುದು ಒಂದೇ.

ಇಷ್ಟಾದರೂ, ಎಲ್ಲರಿಗೂ 120 ಹರ್ಟ್ಸ್ ಬೇಕೆಂದಿಲ್ಲ. ಪ್ಲೇಸ್ಟೇಷನ್ 4ರಂತಹ ಹಿಂದಿನ ಪೀಳಿಗೆಯ ಯಂತ್ರವನ್ನು ಬಳಸುವವರಿಗೆ ಉತ್ತಮ ಗೇಮ್ ಮೋಡ್ ಉಳ್ಳ 60 ಹರ್ಟ್ಸ್ ಟಿ.ವಿ. ಸಾಕಾಗುತ್ತದೆ.

ಗಾತ್ರ ಮತ್ತು ಕೋಣೆಯ ಬೆಳಕು

55 ಇಂಚಿನ ಪರದೆಯ ಕರ್ಣ ಸುಮಾರು 140 ಸೆಂ.ಮೀ., ಅಗಲ ಸುಮಾರು 122 ಸೆಂ.ಮೀ. 4ಕೆ ಪರದೆಯ ಮುಂದೆ ಕರ್ಣದ ಒಂದೂಕಾಲರಿಂದ ಒಂದೂವರೆ ಪಟ್ಟು ದೂರದಲ್ಲಿ ಕುಳಿತರೆ ಹಿತ. 55 ಇಂಚಿಗೆ ಇದು ಸುಮಾರು 1.75ರಿಂದ 2.1 ಮೀಟರ್ ಆಗುತ್ತದೆ. ಪಾರ್ಲರ್‌ನ ಕಿರಿದಾದ ಅಂಕಣದಲ್ಲಿ ಆಟಗಾರ ಒಂದೂವರೆ ಮೀಟರ್ ದೂರದಲ್ಲಿ ಕುಳಿತುಕೊಳ್ಳುವುದಾದರೆ 43 ಇಂಚೇ ಸೂಕ್ತ. ಇನ್ನೂ ದೊಡ್ಡದಾದರೆ ಮೂಲೆಗಳನ್ನು ನೋಡಲು ಆಟಗಾರ ಕುತ್ತಿಗೆ ತಿರುಗಿಸಬೇಕಾಗುತ್ತದೆ.

ಗಾಜಿನ ಮುಂಭಾಗದಿಂದ ಹಗಲು ಬೆಳಕು ಬೀಳುವ ಅಂಗಡಿಗೆ ಪ್ರಖರವಾದ ಎಲ್.ಸಿ.ಡಿ., ವಿಶೇಷವಾಗಿ ಮಿನಿ ಎಲ್.ಇ.ಡಿ., ಹೊಂದುತ್ತದೆ. ಪರದೆಯ ಬಹುಭಾಗ ಬೆಳ್ಳಗಿರುವ ದೃಶ್ಯಗಳಲ್ಲಿ ಓ.ಎಲ್.ಇ.ಡಿ. ತನ್ನ ಪ್ರಕಾಶವನ್ನು ತಗ್ಗಿಸಿಕೊಳ್ಳುತ್ತದೆ; ಅದರ ನಿಜವಾದ ಸೊಗಸು ಕಾಣುವುದು ಮಬ್ಬು ಬೆಳಕಿನ ಕೋಣೆಯಲ್ಲಿ.

ವರ್ತಕರು ಹಾಗೂ ತಯಾರಕರ ಗಮನಕ್ಕೆ

ಪ್ರದರ್ಶನಕ್ಕಿಟ್ಟ ಟಿ.ವಿ.ಗಳು ಬಹುತೇಕ "ಸ್ಟೋರ್ ಡೆಮೊ" ಸ್ಥಿತಿಯಲ್ಲಿರುತ್ತವೆ. ಅಲ್ಲಿ ಬಣ್ಣ ಕಣ್ಣು ಕುಕ್ಕುವಂತಿದ್ದರೂ ಅದರಿಂದ ಆಟದ ಅನುಭವ ತಿಳಿಯುವುದಿಲ್ಲ. ಒಂದು ಆಟದ ಯಂತ್ರವನ್ನು ಮಳಿಗೆಯಲ್ಲಿಟ್ಟು, ಗೇಮ್ ಮೋಡ್‌ನಲ್ಲಿ ಗ್ರಾಹಕರ ಕೈಗೇ ಕಂಟ್ರೋಲರ್ ಕೊಟ್ಟರೆ ಆಯ್ಕೆ ಸುಲಭವಾಗುತ್ತದೆ.

ಸ್ವಂತ ಹೆಸರಿನಲ್ಲಿ ಟಿ.ವಿ. ಜೋಡಿಸುವ ಸಣ್ಣ ತಯಾರಕರಿಗೆ, ಹೊರದೇಶಗಳಿಂದ ಬರುವ ಓಪನ್ ಸೆಲ್ ಪ್ಯಾನೆಲ್ಲೇ ಮುಖ್ಯ ವೆಚ್ಚ. ಪ್ಯಾನೆಲ್‌ನ ಬಗೆ, ಮೂಲ ರಿಫ್ರೆಶ್ ದರ ಹಾಗೂ ಇನ್‌ಪುಟ್ ಲ್ಯಾಗ್ ಅನ್ನು ಪೆಟ್ಟಿಗೆಯ ಮೇಲೆ ಪ್ರಾಮಾಣಿಕವಾಗಿ ನಮೂದಿಸಿದರೆ, ದೊಡ್ಡ ಬ್ರಾಂಡ್‌ಗಳ ನಡುವೆಯೂ ಗ್ರಾಹಕರ ವಿಶ್ವಾಸ ಗಳಿಸಲು ಅವಕಾಶವಿದೆ. ಟಿ.ವಿ.ಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇರುವುದನ್ನು ಮರೆಯಬಾರದು.

ಜಿ.ಎಸ್.ಟಿ. ನೋಂದಣಿಯುಳ್ಳ ಪಾರ್ಲರ್ ಮಾಲೀಕರು ತಮ್ಮ ನೋಂದಣಿ ಸಂಖ್ಯೆಯಿರುವ ಬಿಲ್ ಪಡೆದರೆ, ವ್ಯವಹಾರಕ್ಕೆ ಬಳಸುವ ಟಿ.ವಿ.ಯ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಆದರೆ ಆ ತೆರಿಗೆ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯನ್ನೂ ಕೋರುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯ ಲಭ್ಯವಿಲ್ಲ.

ಒಟ್ಟಾರೆ ಹೇಳುವುದಾದರೆ, ಮಬ್ಬು ಬೆಳಕಿನ ಕೋಣೆಯಲ್ಲಿ ಬಗೆಬಗೆಯ ಆಟಗಳನ್ನೂ ಚಲನಚಿತ್ರಗಳನ್ನೂ ನೋಡುವ ಮನೆಯವರಿಗೆ ಓ.ಎಲ್.ಇ.ಡಿ.; ಬೆಳಕಿನ ಹಾಲ್‌ನಲ್ಲಿ ಆಡುವವರಿಗೆ ಮಿನಿ ಎಲ್.ಇ.ಡಿ.; ಹಲವರು ಸುತ್ತ ಕುಳಿತು ಆಡುವ ಕಡೆ ಐ.ಪಿ.ಎಸ್.; ದಿನವಿಡೀ ದುಡಿಯುವ ಪಾರ್ಲರ್‌ಗೆ ಉತ್ತಮ ಗೇಮ್ ಮೋಡ್ ಉಳ್ಳ ಎಲ್.ಸಿ.ಡಿ. ಸೂಕ್ತ. ದಿನಕ್ಕೆ ಎಷ್ಟು ಗಂಟೆ ಬಳಕೆ, ಯಾವ ಆಟ, ಕೋಣೆಯಲ್ಲಿ ಎಷ್ಟು ಬೆಳಕು: ಬೆಲೆಪಟ್ಟಿಯನ್ನು ಮುಂದಿಡುವ ಮುನ್ನ ವರ್ತಕರು ಈ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಂಡರೆ, ಮಾರಿದ ಟಿ.ವಿ. ದೂರಿನೊಂದಿಗೆ ಹಿಂದಿರುಗುವ ಸಂದರ್ಭ ಕಡಿಮೆಯಾಗುವುದರಲ್ಲಿ ಸಂಶಯವಿಲ್ಲ.