ಟಯರಿನ ಒಳಬದಿ ನೋಡಿದ್ದೀರಾ?

ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ. ಹಳೆಯ ರಾಷ್ಟ್ರೀಯ ಹೆದ್ದಾರಿ 17, ಈಗಿನ 66. ಇಲ್ಲಿ ಕಾರು ಸದ್ದಿಲ್ಲದೆ ಓಡುತ್ತದೆ. ಚೆರ್ಕಳದಲ್ಲಿ ಎಡಕ್ಕೆ ತಿರುಗಿ ಬದಿಯಡ್ಕ, ಪೆರ್ಲ, ಕಲ್ಲಡ್ಕದ ದಾರಿ ಹಿಡಿದರೆ ತಿರುವಿನ ಮೇಲೆ ತಿರುವು. ಅಲ್ಲಿಂದ ಒಳಗಿನ ಊರುಗಳಿಗೆ ಹೋಗುವ ರಸ್ತೆಗಳು ಇನ್ನೂ ಕಿರಿದು. ಎದುರಿನ ಬಸ್ಸಿಗೆ ದಾರಿ ಬಿಡಬೇಕೆಂದರೆ ಎಡಗಡೆಯ ಚಕ್ರಗಳನ್ನು ಟಾರಿನ ಅಂಚಿನಿಂದ ಮುರಕಲ್ಲಿನ ಮಣ್ಣಿಗೆ ಇಳಿಸಬೇಕು, ಮತ್ತೆ ಹತ್ತಿಸಬೇಕು. ಟಯರಿನ ಕಥೆ ಆ ಒಂದು ಗೇಣು ಅಂಚಿನಲ್ಲೇ ಶುರುವಾಗುತ್ತದೆ.

ಚೆರ್ಕಳದ ಬಳಿಯ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದಾಗ ಬಾಗಿಲಲ್ಲೇ ಬಿಚ್ಚಿ ಹಾಕಿದ ಟಯರುಗಳ ರಾಶಿ ಇತ್ತು. ಒಂದನ್ನು ಎತ್ತಿ ನೋಡಿದೆ, ಗೆರೆಗಳೆಲ್ಲ ಚೆನ್ನಾಗಿಯೇ ಇದ್ದವು.

"ಹೊರಗಿಂದ ಏನೂ ಕಾಣುವುದಿಲ್ಲ ಸಾರ್, ಒಳಗೆ ಕೈ ಹಾಕಿ" ಎಂದರು ಮೆಕ್ಯಾನಿಕ್.

ಹಾಕಿದೆ. ಒಳ ಅಂಚು ಬೋಳಾಗಿ ತಂತಿ ಬೆರಳಿಗೆ ಚುಚ್ಚಿತು.

"ಇದರಲ್ಲೇ ಓಡಿಸುತ್ತಿದ್ದರಾ ಮಾರಾಯ್ರೇ?"

"ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಂದಿದ್ದರು."

ಮುಂದಿನ ಎರಡು ಚಕ್ರಗಳು ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಗುಂಡಿಗೋ ಟಾರಿನ ಅಂಚಿಗೋ ಬಡಿದು ಚಕ್ರವನ್ನು ಸ್ಟಿಯರಿಂಗಿಗೆ ಜೋಡಿಸುವ ಕಡ್ಡಿ (ಟೈರಾಡ್) ಬಾಗಿದರೆ, ಬಾಲ್ ಜಾಯಿಂಟ್ ಸಡಿಲಾದರೆ ಆ ಲೆಕ್ಕ ತಪ್ಪುತ್ತದೆ. ಆಮೇಲೆ ಚಕ್ರ ಬರಿದೇ ಉರುಳುವುದಿಲ್ಲ, ಉರುಳುತ್ತಲೇ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಟಯರಿನ ಮೇಲೆ ಅಂಗೈ ಸವರಿ ನೋಡಿ: ಒಂದು ದಿಕ್ಕಿಗೆ ನುಣುಪು, ಹಿಂದಕ್ಕೆ ಎಳೆದರೆ ಗರಗಸದ ಹಲ್ಲು. ಚಕ್ರದ ತಲೆ ಕಾರಿನ ಕಡೆಗೆ ವಾಲಿದ್ದರೆ ಒಳ ಅಂಚೇ ಸವೆಯುತ್ತದೆ. ಗಾಳಿ ಕಡಿಮೆಯಾದರೆ ಎರಡೂ ಅಂಚು, ಜಾಸ್ತಿಯಾದರೆ ನಡು. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆಯೇ ನೋಡಬೇಕು.

ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. ಹೊಸ ಟಯರ್ ಹಾಕಿಸಿ ಹೊರಟುಬಿಡುತ್ತಾರೆ. ಬಾಗಿದ ಕಡ್ಡಿ ಹಾಗೇ ಉಳಿಯುತ್ತದೆ, ಹೊಸ ಟಯರೂ ಅದೇ ಬದಿಯಲ್ಲಿ ಸವೆಯುತ್ತದೆ. ಸವೆದ ಬುಶ್, ಜಾಯಿಂಟ್ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೂ ಅದು ನಿಲ್ಲುವುದಿಲ್ಲ. ಮೊದಲು ಅಡಿಭಾಗ ಸರಿಯಾಗಬೇಕು, ಆಮೇಲೆ ಅಳತೆ.

ಉಳಿದದ್ದು ಅಭ್ಯಾಸದ ಮಾತು. ಚಾಲಕನ ಬಾಗಿಲ ಕಂಬದಲ್ಲಿ ಬರೆದಷ್ಟೇ ಗಾಳಿ, ಅದೂ ಟಯರ್ ತಣ್ಣಗಿರುವಾಗ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನ ಟಯರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ ಸರ್ವಿಸಿನ ತಾರೀಕಿಗೆ ಕಾಯಬಾರದು.

ಕಾರಿನ ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನು ಒಪ್ಪುವುದಿಲ್ಲ. ನಮ್ಮ ಮಳೆಗೆ ಅಷ್ಟು ಉಳಿದರೂ ಸಾಲದು ಎಂದೇ ನನ್ನ ಅಭಿಪ್ರಾಯ. ಗೆರೆಯಿಲ್ಲದ ಕಡೆ ನೀರು ಹೊರಹೋಗಲು ದಾರಿಯಿಲ್ಲ, ಟಯರ್ ನೀರಿನ ಮೇಲೆ ತೇಲುತ್ತದೆ, ಬ್ರೇಕು ಹಿಡಿಯುವುದಿಲ್ಲ.

ಮಳೆಗಾಲ ಬರಲಿ ಎಂದು ಕಾಯಬೇಡಿ. ಇವತ್ತೇ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಕೆಳಗಿಳಿದು, ಮುಂದಿನ ಎರಡೂ ಟಯರುಗಳ ಒಳಬದಿಯನ್ನು ಒಮ್ಮೆ ನೋಡಿ.