ಸೂಪರ್‌ನೋವಾಗಳ ವರ್ಗೀಕರಣ: ರೋಹಿತ ವೀಕ್ಷಣೆಯ ಬಗ್ಗೆ ಮಾಹಿತಿ

ಆಕಾಶದಲ್ಲಿ ಹಠಾತ್ತನೆ ಕಾಣಿಸಿಕೊಂಡು ಕ್ರಮೇಣ ಮಂಕಾಗುವ ಬೆಳಕು ನೋವಾದ್ದೋ, ನಕ್ಷತ್ರವೊಂದರ ಅಂತಿಮ ಸ್ಫೋಟವಾದ ಸೂಪರ್‌ನೋವಾದ್ದೋ ಎಂಬುದನ್ನು ಕೇವಲ ಛಾಯಾಚಿತ್ರದಿಂದ ಖಚಿತಪಡಿಸಲಾಗದು. ಬೆಳಕನ್ನು ರೋಹಿತದರ್ಶಕದ ಮೂಲಕ ಬಣ್ಣಗಳಾಗಿ ಬಿಡಿಸಿ, ಅದರಲ್ಲಿನ ರೇಖೆಗಳನ್ನು ಪರಿಶೀಲಿಸುವುದು ಅವಶ್ಯಕ.

ಸೂಪರ್‌ನೋವಾದ ರೋಹಿತದಲ್ಲಿ ಜಲಜನಕದ ರೇಖೆಗಳಿದ್ದಲ್ಲಿ ಅದನ್ನು ಎರಡನೇ ವರ್ಗಕ್ಕೆ, ಇಲ್ಲದಿದ್ದಲ್ಲಿ ಒಂದನೇ ವರ್ಗಕ್ಕೆ ಸೇರಿಸಲಾಗುತ್ತದೆ. ಒಂದನೇ ವರ್ಗದಲ್ಲಿ 615 ನ್ಯಾನೋಮೀಟರ್ ಸಮೀಪ ಸಿಲಿಕಾನ್‌ನ ಆಳವಾದ ರೇಖೆಯುಳ್ಳದ್ದು ‘ಎ’ ಬಗೆ. ಹೀಲಿಯಂ ಇರುವುದು ‘ಬಿ’. ಇವೆರಡೂ ಪ್ರಬಲವಾಗಿ ಕಾಣದಿರುವುದು ‘ಸಿ’. ಶ್ವೇತಕುಬ್ಜದ ಸ್ಫೋಟವಾದ ‘ಎ’ ಬಗೆಯನ್ನು ವಿಶ್ವದ ದೂರಗಳನ್ನು ಅಳೆಯಲು ಬಳಸುವುದರಿಂದ, ಇಲ್ಲಿ ವರ್ಗ ತಪ್ಪಿದರೆ ಅಳತೆಯೂ ತಪ್ಪುತ್ತದೆ.

ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಈ ಕಾರ್ಯದಲ್ಲಿ ಬಳಕೆಯಲ್ಲಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ ಇದನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿರ್ವಹಿಸಲಾಗುತ್ತದೆ.

ವೀಕ್ಷಣೆಯಲ್ಲಿ ವಿಳಂಬವಾದರೆ ಕೆಲವು ಮಾಹಿತಿ ಮರಳಿ ದೊರೆಯುವುದಿಲ್ಲ. 2023ರ ಮೇ 19ರಂದು ಜಪಾನಿನ ಕೋಯಿಚಿ ಇಟಗಾಕಿ ಅವರು ಎಂ101 ಗೆಲಾಕ್ಸಿಯಲ್ಲಿ ಪತ್ತೆಹಚ್ಚಿದ ಸೂಪರ್‌ನೋವಾ ಎರಡನೇ ವರ್ಗದ್ದಾಗಿತ್ತು. ನಕ್ಷತ್ರವು ಸಿಡಿಯುವ ಮುನ್ನ ಹೊರಚೆಲ್ಲಿದ್ದ ಅನಿಲದ ಕಿರಿದಾದ ರೇಖೆಗಳು ಅದರ ಆರಂಭಿಕ ರೋಹಿತಗಳಲ್ಲಿ ಕಂಡುಬಂದು, ಸುಮಾರು ಒಂದು ವಾರದಲ್ಲಿ ಮರೆಯಾದವು. ಹಾನ್ಲೆಯಿಂದಲೂ ಅದನ್ನು ವೀಕ್ಷಿಸಲಾಯಿತು.

ಆದ್ದರಿಂದ ದೂರದರ್ಶಕದ ಸಮಯಕ್ಕಾಗಿ ಪ್ರಸ್ತಾವನೆ ಸಲ್ಲಿಸುವ ಸಂಶೋಧಕರು, ನಿಗದಿತ ರಾತ್ರಿಗಳಲ್ಲದೆ ಇಂತಹ ಅನಿರೀಕ್ಷಿತ ಘಟನೆಗಳಿಗಾಗಿ ತುರ್ತು ವೀಕ್ಷಣೆಯನ್ನೂ ಕೋರಬಹುದಾಗಿದೆ.